ಇಳಿಸದೆ ಬಿಟ್ಟ ನಕ್ಷತ್ರ

ಕೆಲವರಿಗೆ ದೇವರು ಎಲ್ಲಿ ಬೇಕಾದರೂ ಕಾಣಿಸಿಕೊಳ್ಳುತ್ತಾನೆ. ಉಕ್ಕದೆ ನಿಂತ ಹಾಲಿನಲ್ಲಿ, ಹೊತ್ತಿಗೆ ಸರಿಯಾಗಿ ಬಂದ ಬಸ್ಸಿನಲ್ಲಿ, ಉಪ್ಪು ಹದವಾಗಿ ಬಿದ್ದ ಸಾರಿನಲ್ಲಿ. ನನಗೆ ಆ ಭಾಗ್ಯವಿಲ್ಲ. ಹಾಲು ನೋಡಿದರೆ ನೀರು ಎಷ್ಟು ಬೆರೆತಿದೆ ಎಂಬುದೇ ಮೊದಲು ಹೊಳೆಯುತ್ತದೆ. ಬಸ್ಸು ಬಂದರೆ ಸೀಟು ಖಾಲಿ ಇಲ್ಲದ್ದು ಕಾಣುತ್ತದೆ. ಇದು ನಾನು ಪ್ರಯತ್ನಪಟ್ಟು ಸಂಪಾದಿಸಿದ ಗುಣವಲ್ಲ, ಹುಟ್ಟುತ್ತಲೇ ಬಂದದ್ದು, ಮತ್ತು ಅದಕ್ಕೆ ತಕ್ಕ ಮುಖವೂ ಜೊತೆಗೇ ಬಂದಿದೆ. ನನ್ನ ಮದುವೆಯ ಫೋಟೋ ನೋಡಿದವರು ಯಾರ ಸಾವಿಗೆ ಹೋಗಿದ್ದಿರಿ ಎಂದು ಕೇಳಿದ್ದುಂಟು. ಪಕ್ಕದಲ್ಲಿ ಹೂವಿನ ಹಾರ ಹಾಕಿಕೊಂಡು ನಿಂತಿರುವ ಸುಗುಣ ಮಾತ್ರ ಅದರಲ್ಲಿ ನಗುತ್ತಿದ್ದಾಳೆ. ಆಗ ಅವಳಿಗೆ ವಿಷಯ ಇನ್ನೂ ಗೊತ್ತಿರಲಿಲ್ಲ.

ಚನ್ನಗಿರಿ ಬಸ್ ಸ್ಟ್ಯಾಂಡಿನ ಹತ್ತಿರ ನನ್ನದೊಂದು ಕರೆಂಟ್ ಸಾಮಾನಿನ ಅಂಗಡಿ. ಹಿಂದೆ ಮನೆ, ಮುಂದೆ ಅಂಗಡಿ. ಸ್ವಿಚ್ಚು, ವೈರು, ಬಲ್ಬು, ಹೋಲ್ಡರು, ಕಾಲಕಾಲಕ್ಕೆ ಹಬ್ಬದ ದೀಪಗಳು. ಈಚೆಗೆ ದೀಪಾವಳಿಯ ಆಕಾಶಬುಟ್ಟಿಗಳು ನಕ್ಷತ್ರದ ಆಕಾರದಲ್ಲಿ ಬರತೊಡಗಿವೆ. ದೀಪಾವಳಿಗೆ ಮಾರದೆ ಉಳಿದದ್ದನ್ನು ಮೂಲೆಗೆ ಒತ್ತಿಟ್ಟಿದ್ದು, ಡಿಸೆಂಬರ್ ಬರುತ್ತಲೇ ಧೂಳು ಹೊಡೆದು ಕ್ರಿಸ್‌ಮಸ್ ನಕ್ಷತ್ರ ಎಂದು ನೇತುಹಾಕುತ್ತೇನೆ. ಮಾಲು ಅದೇ, ತೂಗುವ ದಾರವೂ ಅದೇ. ಗಿರಾಕಿಗಳಿಗೆ ನಾನು ಸುಳ್ಳು ಹೇಳುವುದಿಲ್ಲ. 'ಒಂದು ತಿಂಗಳು ಉರಿದರೆ ನಿಮ್ಮ ಪುಣ್ಯ' ಎಂದೇ ಹೇಳಿ ಕೊಡುತ್ತೇನೆ. ಅಂಥ ವ್ಯಾಪಾರಿಯ ಅಂಗಡಿಗೂ ಜನ ಬರುತ್ತಾರೆಂದರೆ ಅದು ಬಸ್ ಸ್ಟ್ಯಾಂಡ್ ಹತ್ತಿರ ಇರುವುದರ ಮಹಿಮೆ.

ನಾವು ಕ್ರೈಸ್ತರು, ನಮ್ಮದು ಸಣ್ಣ ಸಭೆ. ಚನ್ನಗಿರಿಯಲ್ಲಿ ಕೈಬೆರಳಲ್ಲಿ ಎಣಿಸುವಷ್ಟು ಮನೆ, ಉಳಿದವರು ಸಂತೇಬೆನ್ನೂರು, ಸಾಸ್ವೆಹಳ್ಳಿ, ಹೊನ್ನಾಳಿ, ನ್ಯಾಮತಿ ಎಂದು ನೌಕರಿಯ ದೆಸೆಯಿಂದ ಚೆದುರಿಹೋದವರು. ಇಂಥ ಸಭೆಗೆ ಹೋದ ವರ್ಷ ಒಬ್ಬ ಹೊಸ ಪಾಸ್ಟರು ಬಂದರು. ಎಳೆಯ ವಯಸ್ಸು, ಇಸ್ತ್ರಿ ಮುರಿಯದ ಅಂಗಿ, ಮತ್ತು ಸದಾಕಾಲದ ಉತ್ಸಾಹ. ಡಿಸೆಂಬರ್ ಮೊದಲ ಭಾನುವಾರವೇ ಅವರು, ಕ್ರಿಸ್ತನು ಅರಮನೆಯಲ್ಲಿ ಹುಟ್ಟಲಿಲ್ಲ, ದನದ ಕೊಟ್ಟಿಗೆಯಲ್ಲಿ ಹುಟ್ಟಿದ, ಆದ್ದರಿಂದ ನಾವು ಆತನನ್ನು ದಿನನಿತ್ಯದ ಸಣ್ಣ ಸಂಗತಿಗಳಲ್ಲೇ ಹುಡುಕಬೇಕು ಎಂದು ಪ್ರಸಂಗ ಮಾಡಿದರು. ಇಷ್ಟಕ್ಕೇ ಬಿಟ್ಟಿದ್ದರೆ ನನ್ನ ತಕರಾರಿರಲಿಲ್ಲ, ಪ್ರಸಂಗದ ಹೊತ್ತಿನಲ್ಲಿ ನಾನು ಸಾಮಾನ್ಯವಾಗಿ ಫ್ಯಾನಿನ ಬೇರಿಂಗ್ ಶಬ್ದ ಕೇಳುತ್ತಿರುತ್ತೇನೆ. ಆದರೆ ಅವರು ಕೊನೆಗೆ, ಕ್ರಿಸ್‌ಮಸ್ ಬೆಳಗ್ಗೆ ಪ್ರತಿ ಮನೆಯಿಂದಲೂ ಒಬ್ಬರು ಎದ್ದು ನಿಂತು ಅಂಥ ಒಂದು ಸಂಗತಿಯನ್ನು ಸಾಕ್ಷಿ ಹೇಳಬೇಕು ಎಂದು ಅಪ್ಪಣೆ ಮಾಡಿದರು. ಸುಗುಣ ನನ್ನ ಕಡೆ ತಿರುಗಿ, ನಮ್ಮ ಮನೆಯಿಂದ ನೀವೇ ಎಂದು ಕಣ್ಣಲ್ಲೇ ತೀರ್ಮಾನ ಕೊಟ್ಟಳು. ಮನೆಗೆ ಬಂದು ನಾನು ಕೂಗಾಡಿದ್ದಕ್ಕೆ ಅವಳು ಜಗಳ ಮಾಡಲಿಲ್ಲ. "ನಾನು ನಿಮ್ಮ ಜೊತೆ ಇಷ್ಟು ವರ್ಷ ಬಾಳ್ವೆ ಮಾಡೀನಿ. ಒಂದೇ ಒಂದು ಒಳ್ಳೇ ಮಾತು ನಿಮ್ಮ ಬಾಯಿಂದ ನಾಲ್ಕು ಜನರ ಎದುರಿಗೆ ಕೇಳಾಕೆ ನಂಗೂ ಆಸೆ ಐತೆ" ಎಂದಳು. ಜಗಳ ಮಾಡಿದ್ದರೆ ಗೆಲ್ಲುತ್ತಿದ್ದೆ.

ಹಾಗಾಗಿ ಹುಡುಕಲು ಕುಳಿತೆ. ಅಷ್ಟರಲ್ಲಿ ಸಭೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಸಾಕ್ಷಿಗಳ ಸುಗ್ಗಿ ಶುರುವಾಗಿತ್ತು. ಒಬ್ಬರಿಗೆ ಗ್ಯಾಸ್ ಮುಗಿದ ದಿನವೇ ಸಿಲಿಂಡರ್ ಬಂದಿತ್ತು, ಹಲ್ಲೆಲೂಯಾ. ಇನ್ನೊಬ್ಬರಿಗೆ ಕಳೆದುಹೋದ ಚಪ್ಪಲಿ ಸಿಕ್ಕಿತ್ತು, ಅದೂ ಎರಡೂ ಕಾಲಿನದು. ಮತ್ತೊಬ್ಬರು ತಮ್ಮ ಮನೆಯ ಚಪಾತಿಯ ಮೇಲೆ ಶಿಲುಬೆಯ ಗುರುತು ಮೂಡಿದೆ ಎಂದು ಫೋಟೋ ಹಾಕಿದ್ದರು. ನಾನು ಹಿಗ್ಗಿಸಿ ನೋಡಿದೆ, ಹೆಂಚು ತೊಳೆದಿರಲಿಲ್ಲ, ಅಷ್ಟೆ. ಇಡೀ ಲೋಕಕ್ಕಾಗಿ ಪ್ರಾಣ ಕೊಟ್ಟವನನ್ನು ಈ ಜನ ಚಪ್ಪಲಿ ಹುಡುಕುವ ಕೆಲಸಕ್ಕೆ ಹಚ್ಚಿದ್ದಾರಲ್ಲ ಎಂದು ನನಗೆ ಮೈ ಉರಿಯಿತು. ಹಾಗೆಂದು ನನ್ನ ದಿನಗಳಲ್ಲಾದರೂ ಏನಿತ್ತು? ಬೆಳಗ್ಗೆ ಷಟರ್ ಎತ್ತುವುದು, ಸುಟ್ಟ ಬಲ್ಬನ್ನು ವಾಪಸು ತಂದವನ ಜೊತೆ ವಾದ ಮಾಡುವುದು, ಸಂಜೆ ಷಟರ್ ಎಳೆಯುವುದು. ಇದರಲ್ಲಿ ಕ್ರಿಸ್ತ ಎಲ್ಲಾದರೂ ಇದ್ದಿದ್ದರೆ ಅವನೂ ಸುಟ್ಟ ಬಲ್ಬು ಹಿಡಿದುಕೊಂಡೇ ಬಂದಿರಬೇಕು, ನಾನು ವಾಪಸು ಕಳಿಸಿರಬೇಕು.

ಹಬ್ಬ ಹತ್ತಿರ ಬಂದಂತೆ, ಮನೆಮನೆಗೆ ಹೋಗಿ ಕ್ರಿಸ್‌ಮಸ್ ಹಾಡು ಹಾಡುವ ಕ್ಯಾರಲ್ಸ್ ಹೊರಡುವ ಮಾತು ಬಂತು. ಹಿಂದಿನ ಪಾಸ್ಟರು ಚನ್ನಗಿರಿಯಲ್ಲೇ ಎರಡು ಬೀದಿ ಸುತ್ತಿಸಿ ಕಾಫಿ ಕುಡಿಸಿ ಮುಗಿಸುತ್ತಿದ್ದರು. ಇವರು ದೂರದ ಸದಸ್ಯರ ಮನೆಗಳಿಗೂ ಹೋಗಲೇಬೇಕೆಂದರು. ಜಗಳೂರಿನಲ್ಲಿರುವ ಒಬ್ಬ ಸದಸ್ಯರ ಹೆಸರನ್ನೂ ಎತ್ತಿದರು. ಜಗಳೂರು ಜಿಲ್ಲೆಯ ಆ ತುದಿ, ನ್ಯಾಮತಿ ಈ ತುದಿ, ಎರಡಕ್ಕೂ ಒಂದೇ ಸಂಜೆ ಹೋಗುವುದಕ್ಕೆ ನಾವೇನು ದೇವದೂತರೇ ಎಂದು ಕೇಳಿ ಜಗಳೂರನ್ನು ತಪ್ಪಿಸಿದೆ. ಅದಕ್ಕೆ ಪ್ರತಿಯಾಗಿ ನನ್ನ ಮೇಲೆ ಬಂದದ್ದು ಕ್ರಿಸ್‌ಮಸ್ ತಾತನ ವೇಷ. ಸಭೆಯಲ್ಲಿ ಆ ಕೆಂಪು ಅಂಗಿಯನ್ನು ದಿಂಬಿಲ್ಲದೆ ತುಂಬಿಸುವ ಹೊಟ್ಟೆ ನನ್ನದೊಂದೇ ಅಂತೆ. ಅಂಗಿಯ ಜೊತೆ ಒಂದು ಪ್ಲಾಸ್ಟಿಕ್ ಮುಖವಾಡ, ಕೆಂಪು ಕೆನ್ನೆ, ಹತ್ತಿಯ ಗಡ್ಡ, ಕಿವಿಯ ತನಕ ನಗು. ಸುಗುಣ ಅದನ್ನು ಕಟ್ಟಿ, ದೂರ ನಿಂತು ನೋಡಿ, "ವರ್ಷಪೂರ್ತಿ ಇದನ್ನೇ ಹಾಕ್ಕೊಂಡು ಅಂಗಡೀಲಿ ಕೂತ್ಕೊಳ್ರಿ, ಯಾಪಾರ ಹೆಂಗೆ ಆಗ್ತೈತೆ ನೋಡಾಣ" ಎಂದಳು.

ಬಾಡಿಗೆ ವ್ಯಾನಿನಲ್ಲಿ ಮಧ್ಯಾಹ್ನವೇ ಹೊರಟೆವು. ಸಾಸ್ವೆಹಳ್ಳಿಯ ಮನೆಯಲ್ಲಿ ಹಾಡುವಾಗ ಊರ ನಾಯಿಗಳೆಲ್ಲ ಸೇರಿಕೊಂಡು ನಮಗಿಂತ ಶ್ರುತಿಯಲ್ಲಿ ಹಾಡಿದವು. ಹೊನ್ನಾಳಿಯಲ್ಲಿ ಹಾಡು ಮುಗಿಯುವ ತನಕ ಮನೆಯ ಯಜಮಾನರು ಟೀವಿಯ ಶಬ್ದ ಮಾತ್ರ ಕಡಿಮೆ ಮಾಡಿ, ಕಣ್ಣನ್ನು ಅದರ ಮೇಲೇ ಇಟ್ಟಿದ್ದರು. ನಾನು ಮುಖವಾಡದೊಳಗೆ ಬೆವರುತ್ತ, ಇದೆಲ್ಲ ಯಾರ ಉದ್ಧಾರಕ್ಕೆ ಎಂದು ಗೊಣಗುತ್ತ, ಸಿಕ್ಕವರಿಗೆಲ್ಲ ಪೆಪ್ಪರಮೆಂಟು ಹಂಚುತ್ತ ಬಂದೆ. ಮುಖವಾಡದ ಒಂದು ಅನುಕೂಲವೆಂದರೆ ಒಳಗೆ ಏನು ಗೊಣಗಿದರೂ ಹೊರಗೆ ನಗುವೇ ಕಾಣುತ್ತದೆ. ಅರ್ಧ ಧಾರ್ಮಿಕ ಜಗತ್ತು ನಡೆಯುತ್ತಿರುವುದೇ ಹೀಗೆ ಎಂದು ನನ್ನ ಗುಮಾನಿ.

ನ್ಯಾಮತಿ ತಲುಪುವಾಗ ದೀಪ ಹಚ್ಚುವ ಹೊತ್ತು. ಅಲ್ಲಿಗೆ ಹೊಸದಾಗಿ ವರ್ಗವಾಗಿ ಬಂದ ಒಬ್ಬ ನರ್ಸಮ್ಮನ ಮನೆಗೆ ಹೋಗಬೇಕಿತ್ತು. ನಾವು ಯಾರೂ ಆ ಮನೆ ನೋಡಿರಲಿಲ್ಲ. ಆಕೆ ಡ್ಯೂಟಿಯಲ್ಲಿದ್ದರು, ಫೋನು ತೆಗೆಯಲಿಲ್ಲ. ಬೀದಿಯ ಹೆಸರು ಹೇಳಿ, ನಕ್ಷತ್ರ ಕಟ್ಟಿದ ಮನೆ ಅದೊಂದೇ, ನೋಡಿಕೊಂಡು ಬನ್ನಿ, ಮನೆಯವರು ಇರುತ್ತಾರೆ ಎಂದು ಬೆಳಗ್ಗೆಯೇ ಪಾಸ್ಟರಿಗೆ ತಿಳಿಸಿದ್ದರು. ನಕ್ಷತ್ರ ನೋಡಿಕೊಂಡು ಮನೆ ಹುಡುಕುವುದು ಎಂದಕೂಡಲೇ ನಮ್ಮ ಪಾಸ್ಟರಿಗೆ ಮೈಯೆಲ್ಲ ಪುಳಕ. ಕೂಸು ಯೇಸುವನ್ನು ಹುಡುಕಿಕೊಂಡು ಮೂಡಣ ದೇಶದ ಜೋಯಿಸರು ಹೋದ ಹಾಗೇ ಹೋಗುತ್ತಿದ್ದೇವೆ ಎಂದರು. ಆ ಜೋಯಿಸರು ಮೊದಲು ಹೋಗಿ ಬಾಗಿಲು ತಟ್ಟಿದ್ದು ತಪ್ಪು ಮನೆಗೆ, ಹೆರೋದ ರಾಜನ ಅರಮನೆಗೆ, ಎಂದು ನಾನು ಮುಖವಾಡದೊಳಗಿಂದಲೇ ನೆನಪಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಬೀದಿಯ ನಡುವೆ ಒಂದು ಹೆಂಚಿನ ಮನೆ, ಅದರ ಪಡಸಾಲೆಯ ಮುಂದೆ ನಕ್ಷತ್ರ ಉರಿಯುತ್ತಿತ್ತು. ಬಿಸಿಲಿಗೆ ಬಣ್ಣ ಹೋಗಿ, ಒಂದು ಮೂಲೆ ಹರಿದು, ತೇಪೆ ಹಚ್ಚಿಸಿಕೊಂಡಿತ್ತು. ಹಬ್ಬಕ್ಕೊಂದು ಹೊಸ ನಕ್ಷತ್ರ ಕೊಳ್ಳಲಾರದ ಕ್ರೈಸ್ತರು ಎಂದು ಅಂಗಡಿಕಾರನ ಮನಸ್ಸು ಒಂದು ತೀರ್ಪು ಕೊಟ್ಟಿತು. ಪಾಸ್ಟರು ಗಿಟಾರಿನ ತಂತಿ ಮೀಟಿ, ಕಣ್ಣು ಮುಚ್ಚಿ ಹಾಡು ಎತ್ತಿಯೇಬಿಟ್ಟರು. ಬಾಗಿಲಿಗೆ ಬಂದವರು ಒಬ್ಬ ಅಜ್ಜಿ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ನಾನು ಮುಖವಾಡದ ಎರಡು ತೂತಿನಲ್ಲಿ ಅದನ್ನು ನೋಡಿ ಪಕ್ಕದವನಿಗೆ ಮೊಣಕೈ ತಿವಿದೆ. ತಾತ ಕುಣಿಯುತ್ತಿದ್ದಾನೆಂದುಕೊಂಡು ಅವನು ಚಪ್ಪಾಳೆ ಜೋರು ಮಾಡಿದ.

ಅಜ್ಜಿ ಮಾತ್ರ ಒಂದಿಷ್ಟೂ ಗಾಬರಿಯಾಗಲಿಲ್ಲ. ಹೊರಗ್ಯಾಕೆ ನಿಂತಿರಿ ಎಂದು ಒಳಗೆ ಕರೆದು ಚಾಪೆ ಹಾಸಿದರು. ನಾವು ಹಾಡಿದ್ದನ್ನೆಲ್ಲ ಕೈಕಟ್ಟಿ ಕೇಳಿದರು. ಪಾಸ್ಟರು ಕಣ್ಣು ಮುಚ್ಚಿಯೇ ದೀರ್ಘವಾಗಿ ಪ್ರಾರ್ಥನೆ ಮಾಡಿ, ಈ ಮನೆಯ ಸಹೋದರಿಯ ಆಸ್ಪತ್ರೆಯ ಕೆಲಸವನ್ನು ಆಶೀರ್ವದಿಸು ಎಂದು ಬೇಡಿಕೊಂಡಾಗಲೂ ಭಕ್ತಿಯಿಂದ ಕೈಮುಗಿದುಕೊಂಡಿದ್ದರು. ಮುಗಿದ ಮೇಲೆ ಮೆಲ್ಲಗೆ, ಆಸ್ಪತ್ರೆ ಕೆಲಸ ಯಾರದು ಎಂದು ಕೇಳಿದರು. ಪಾಸ್ಟರು ಆಗ ಕಣ್ಣು ಬಿಟ್ಟರು. ಗೋಡೆಯ ಮೇಲಿನ ಶಿವನ ಪಟ ನೋಡಿದರು, ಅದರ ಪಕ್ಕದಲ್ಲಿ ಹಾರ ಹಾಕಿದ ಒಬ್ಬ ಯಜಮಾನರ ಫೋಟೋ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನು ಕಿವಿಯ ತನಕ ನಗುತ್ತಿದ್ದೆ. ಬೇರೆ ಉಪಾಯವಿರಲಿಲ್ಲ.

ಒಳಗಿನಿಂದ ಬಂದ ಮಗ ವಿಷಯ ತಿಳಿದು ನಮಗೇನೂ ಅನ್ನಲಿಲ್ಲ. ನೀವು ಕೇಳುವ ನರ್ಸಮ್ಮನ ಮನೆ ಇನ್ನೂ ಮುಂದೆ, ಅವರದೂ ನಕ್ಷತ್ರವೇ, ಬಲ್ಬು ಹೋಗಿದೆ, ಅದಕ್ಕೇ ನಿಮಗೆ ಕಾಣಲಿಲ್ಲ ಎಂದ. ಆಮೇಲೆ ತಾಯಿಯ ಕಡೆ ತಿರುಗಿ, ಇದನ್ನು ಇಳಿಸು ಇಳಿಸು ಎಂದು ಬಡಕೊಂಡೆ, ಅಪ್ಪನ ವರ್ಷದ ಕಾರ್ಯವೂ ಆಯಿತು, ಬೀದಿಯವರು ನಗುತ್ತಾರೆ, ಈಗ ನೋಡು, ದಾರಿ ತಪ್ಪಿ ಬರುವವರೂ ಶುರುವಾದರು, ಎಳ್ಳಮಾವಾಸ್ಯೆ ಬರುವುದರೊಳಗೆ ನಾನೇ ಕಿತ್ತುಹಾಕುತ್ತೇನೆ ಎಂದ. ಕೆಟ್ಟ ಮನುಷ್ಯನಲ್ಲ. ದಣಿದಿದ್ದ.

ಅಜ್ಜಿ ಅವನಿಗೆ ಉತ್ತರ ಕೊಡದೆ ನಮಗೆ ಹೇಳಿದರು. "ಇದು ನಮ್ಮನೆಯೋರು ಕಟ್ಟಿದ್ದು. ಹೋದ ವರ್ಷದ ದೀಪಾವಳಿಗೆ ಕಟ್ಟಿದ್ರು, ಕಾರ್ತೀಕ ಮುಗಿಯೋದ್ರೊಳಗೆ ಅವರೇ ಹೋದ್ರು. ಕಟ್ಟಿದೋರು ಇಳಿಸ್ಲಿಲ್ಲ, ನಾನು ಹೆಂಗೆ ಇಳಿಸ್ಲಿ ಹೇಳ್ರಿ?"

ಮಾತಿಗೆ ಎಂದೂ ಬರವಿಲ್ಲದ ಪಾಸ್ಟರೂ ಗಿಟಾರಿನ ಪಟ್ಟಿ ಸರಿಮಾಡಿಕೊಂಡರು. ಸಾವಾದ ಮನೆಯೆಂದು ವರ್ಷಪೂರ್ತಿ ಯಾವ ಹಬ್ಬವನ್ನೂ ಮಾಡಿರಲಿಲ್ಲ, ಈ ದೀಪಾವಳಿಗೂ ಒಲೆಯ ಮೇಲೆ ಎಣ್ಣೆ ಇಟ್ಟಿರಲಿಲ್ಲವಂತೆ. ಹಬ್ಬವೇ ಹಾಡಿಕೊಂಡು ಬಾಗಿಲಿಗೆ ಬಂದಂತಾಯಿತು, ಬಂದವರು ಬರಿಬಾಯಲ್ಲಿ ಹೋಗಬಾರದು ಎಂದು ಅಜ್ಜಿ ಮಂಡಕ್ಕಿ ಒಗ್ಗರಣೆ ತಂದಿಟ್ಟರು. ಆಮೇಲೆ ನಕ್ಷತ್ರದ ಕಡೆ ನೋಡುತ್ತ ಅವರ ಮುಖ ಸ್ವಲ್ಪ ಅರಳಿತು. "ಚನ್ನಗಿರಿಯಿಂದ ತಂದಿದ್ರು ರೀ ಇದನ್ನ, ಬಸ್ ಸ್ಟ್ಯಾಂಡ್ ಹತ್ರದ ಕರೆಂಟ್ ಸಾಮಾನಿನ ಅಂಗಡೀಲಿ. ಅಂಗಡಿಯೋನು ಬೇವಿನಸೊಪ್ಪು ಅಗಿದೋನಂಗೆ ಮುಖ ಮಾಡ್ಕೊಂಡು, ಒಂದು ತಿಂಗಳು ಉರಿದ್ರೆ ನಿಮ್ಮ ಪುಣ್ಯ ಅಂದನಂತೆ. ಮನೆಗೆ ಬಂದು ಅವನ ಮುಖ ಹೆಂಗಿತ್ತು ಅಂತ ಮಾಡಿ ಮಾಡಿ ತೋರ್ಸೋರು. ನಾನು ನಕ್ಕೂ ನಕ್ಕೂ ಹೊಟ್ಟೆ ಹಿಡ್ಕೊಂಡಿದ್ದೆ. ಆಮೇಲೆ ಹಂಗೆ ನಕ್ಕಿದ್ದೇ ಇಲ್ಲ."

ಇಡೀ ಕ್ಯಾರಲ್ಸ್ ತಂಡ ಒಟ್ಟಾಗಿ ನನ್ನ ಕಡೆ ತಿರುಗಿತು. ಮಂಡಕ್ಕಿ ತಿನ್ನಲು ಮುಖವಾಡ ತೆಗೆಯಬೇಕೆಂದಿದ್ದವನು ಅದರ ದಾರವನ್ನು ಇನ್ನಷ್ಟು ಬಿಗಿ ಮಾಡಿಕೊಂಡೆ. ಕೂತಿರಲಾಗದೆ ಎದ್ದು ಹೋಗಿ ನಕ್ಷತ್ರದ ವೈರು ನೋಡಿದೆ. ಜಾಯಿಂಟು ಬಿಟ್ಟುಕೊಂಡು ಗಾಳಿಗೆ ಮಿಣುಕುತ್ತಿತ್ತು. ವೃತ್ತಿಯವನ ಜೇಬಿನಲ್ಲಿ ಟೇಪು ಇದ್ದೇ ಇರುತ್ತದೆ, ಕೆಂಪು ಅಂಗಿಯ ಒಳಗೂ ಇತ್ತು. ಸ್ವಿಚ್ಚು ಆರಿಸಿ, ವೈರು ಹೊಸೆದು ಸುತ್ತಿದೆ. ಮಾರಿದ ಮಾಲಿಗೆ ನಾನು ಮನೆಗೆ ಹೋಗಿ ರಿಪೇರಿ ಮಾಡಿದ್ದು ಅದೇ ಮೊದಲು. ಅಜ್ಜಿ ಪಕ್ಕದಲ್ಲೇ ಬಂದು ನಿಂತು, ಮಗನಿಗೆ ಕೇಳಿಸದ ಹಾಗೆ ಸಣ್ಣ ದನಿಯಲ್ಲಿ, "ನಿಮ್ಮಲ್ಲಿ ಇದನ್ನ ಯಾವಾಗ ಇಳಿಸ್ತೀರಿ ತಾತಾ?" ಎಂದು ಕೇಳಿದರು.

ಜನವರಿಯ ಮೊದಲ ವಾರ ಮುಗಿಯುವುದರೊಳಗೆ ನಮ್ಮಲ್ಲಿ ಎಲ್ಲರೂ ಇಳಿಸುತ್ತಾರೆ. ಆಮೇಲೂ ಇಳಿಸದವರನ್ನು ಸೋಮಾರಿಗಳು, ಹಬ್ಬ ಯಾವಾಗ ಮುಗಿಯಿತೆಂದು ತಿಳಿಯದ ದಡ್ಡರು ಎಂದು ಅಂಗಡಿಯಲ್ಲಿ ಕೂತು ಪ್ರತಿವರ್ಷ ಬೈಯುವವನು ನಾನೇ. ಆ ನಾನು, "ನಮ್ಮಲ್ಲಿ ಇಳಿಸಲೇಬೇಕು ಅಂತ ಏನೂ ಇಲ್ಲಮ್ಮ. ನಮ್ಮನೇದು ಹಂಗೇ ಇರ್ತೈತೆ" ಎಂದುಬಿಟ್ಟೆ. ಅಜ್ಜಿ ತಕ್ಷಣ ದನಿ ಏರಿಸಿ ಮಗನಿಗೆ ಅದನ್ನು ಹೇಳಿದರು. ಅವನು ಖಾಲಿ ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದ. ಅಜ್ಜಿ ನನ್ನ ಊರು ಕೇಳಿ, ಸೊಸೆಯ ತವರು ಅಲ್ಲೇ, ಬಂದಾಗ ನಿಮ್ಮ ಮನೆಯ ನಕ್ಷತ್ರ ನೋಡಿಕೊಂಡು ಹೋಗುತ್ತೇನೆ ಎಂದರು. ಸುಳ್ಳಿನ ಮೇಲೆ ಇಷ್ಟು ಬೇಗ ತಪಾಸಣೆ ಬರುತ್ತದೆಂದು ಗೊತ್ತಿದ್ದರೆ ಬಾಯಿ ಬಿಡುತ್ತಿರಲಿಲ್ಲ.

ಆಮೇಲೆ ನರ್ಸಮ್ಮನ ಮನೆಗೂ ಹೋದೆವು. ಆರಿಹೋದ ಆ ನಕ್ಷತ್ರವನ್ನೂ ನನ್ನ ಅಂಗಡಿಯಿಂದಲೇ ಸಭೆಯವರೊಬ್ಬರು ಕೊಡಿಸಿದ್ದರು. ಪುಣ್ಯ ಅವರಿಗೆ ಒಂದು ವಾರಕ್ಕೂ ಸಾಲಲಿಲ್ಲ.

ಕ್ರಿಸ್‌ಮಸ್ ಬೆಳಗ್ಗೆ ಸಾಕ್ಷಿಗಳು ಶುರುವಾದವು. ಸಿಲಿಂಡರ್ ಬಂತು, ಚಪ್ಪಲಿ ಬಂತು, ಚಪಾತಿಯೂ ಬಂತು. ನನ್ನ ಸರದಿಗೆ ಸುಗುಣ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಂಡು ಎದ್ದು ನಿಂತೆ. ಆದರೆ ಅಜ್ಜಿಯ ದುಃಖವನ್ನು ಚಪಾತಿಯ ಪಕ್ಕದಲ್ಲಿ ಹೇಗೆ ಇಡುವುದು? ಕೊನೆಗೆ, ನನ್ನ ಅಂಗಡಿಯಲ್ಲಿ ಕೊಂಡ ಒಂದು ನಕ್ಷತ್ರ ವರ್ಷದ ಮೇಲೂ ಉರಿಯುತ್ತಿದೆ, ಅದಕ್ಕೆ ದೇವರಿಗೆ ಸ್ತೋತ್ರ ಎಂದಷ್ಟೇ ಹೇಳಿ ಕೂತೆ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ಪ್ರಾರ್ಥನಾ ಮಂದಿರದಲ್ಲೂ ಅಂಗಡಿಯ ಜಾಹೀರಾತೇ ಎಂದು ಹಿಂದಿನ ಸಾಲಿನವರು ಅಂದದ್ದು ಕೇಳಿಸಿತು. ನಂತರ ಪಾಸ್ಟರು ಎದ್ದು ಅದೇ ಸಂಗತಿಯನ್ನು ತಮ್ಮ ರೀತಿಯಲ್ಲಿ ಹೇಳಿದರು. ಅವರ ಕಥೆಯಲ್ಲಿ ದೇವರೇ ನಮ್ಮನ್ನು ಕೈಹಿಡಿದು ಆ ಮನೆಗೆ ನಡೆಸಿದ್ದ, ಆಸ್ಪತ್ರೆಯ ಪ್ರಾರ್ಥನೆ ಎಲ್ಲೂ ಇರಲಿಲ್ಲ, ಬೇವಿನಸೊಪ್ಪಿನ ಮುಖವೂ ಇರಲಿಲ್ಲ. ಎಲ್ಲರೂ ಕಣ್ಣೊರೆಸಿಕೊಂಡರು. ಸುಗುಣ ದಾರಿಯುದ್ದಕ್ಕೂ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ನನಗೆ ಅವಳ ಆಸೆಯನ್ನು ಕೆಡಿಸಿದ್ದಕ್ಕೆ ಬೇಜಾರಾಯಿತು, ನಿಜವಾಗಿಯೂ ಬೇಜಾರಾಯಿತು.

ಜನವರಿ ಬಂತು. ಅಂಗಡಿಯ ಮುಂದೆ ಕಟ್ಟಿದ್ದ ನಮ್ಮ ನಕ್ಷತ್ರ ಇಳಿಸಲು ಸುಗುಣ ಏಣಿ ತಂದಿಟ್ಟಳು. ಇರಲಿ ಬಿಡು ಎಂದೆ. ಸಂಕ್ರಾಂತಿ ಹೋಯಿತು, ಶಿವರಾತ್ರಿ ಹೋಯಿತು. ಎದುರಿನ ಹೋಟೆಲಿನವರು, ಪಕ್ಕದ ಗೊಬ್ಬರದಂಗಡಿಯವರು, ಬಸ್ಸಿನ ಏಜೆಂಟರು, ಎಲ್ಲರೂ ನಾನು ಊರಿಗೆಲ್ಲ ಹಂಚಿದ್ದ ಬೈಗುಳಗಳನ್ನು ಒಂದೊಂದಾಗಿ ನನಗೇ ವಾಪಸು ತಂದುಕೊಟ್ಟರು. ನಿಮ್ಮ ದೇವರು ಇನ್ನೂ ಹುಟ್ಟುತ್ತಲೇ ಇದ್ದಾನೇನ್ರೀ ಎಂದು ಹೋಟೆಲಿನವರು ಕೇಳಿದರು. ನನಗೆ ಇವರ ಮೇಲೆ ಬಂದ ತಿರಸ್ಕಾರ ಅಷ್ಟಿಷ್ಟಲ್ಲ. ಒಂದು ಬಣ್ಣಗೆಟ್ಟ ಕಾಗದದ ನಕ್ಷತ್ರ ಕಂಡರೆ ಸಾಕು, ಅದು ಯಾಕೆ ಇನ್ನೂ ತೂಗುತ್ತಿದೆ ಎಂದು ಒಂದು ಗಳಿಗೆ ಯೋಚಿಸದೆ ನಗುವ ಜನ! ಇಂಥವರ ನಡುವೆ ಇಷ್ಟು ವರ್ಷ ನಾನು ಹೇಗೆ ಬಾಳಿದೆನೋ.

ಯುಗಾದಿ ಹತ್ತಿರವಿರುವಾಗ ಒಂದು ಬೆಳಗ್ಗೆ, ಎದುರುಗಡೆ ಬಸ್ಸಿಳಿದ ಒಬ್ಬ ಅಜ್ಜಿ ರಸ್ತೆ ದಾಟದೆ ನಿಂತು ನಮ್ಮ ನಕ್ಷತ್ರವನ್ನೇ ನೋಡುತ್ತಿದ್ದರು. ಹಣೆಯ ವಿಭೂತಿ ದೂರದಿಂದಲೇ ಗುರುತು ಸಿಕ್ಕಿತು. ನಾನು ಒಳಗೆ ಓಡಿ, ಆ ಮುಖವಾಡ ಎಲ್ಲಿಟ್ಟಿದ್ದೀಯ ಎಂದು ಸುಗುಣಳನ್ನು ಕೇಳಿದೆ. ಅವಳು ಹೊರಗೆ ಇಣುಕಿ, ವಿಷಯ ತಿಳಿದುಕೊಂಡು, "ಹಂಗೇ ಹೋಗ್ರಿ. ಒಸಿ ನಕ್ಕೋತ ಹೋಗ್ರಿ, ಸಾಕು" ಎಂದಳು.

ಅಷ್ಟರಲ್ಲಿ ಅಜ್ಜಿ ಗಲ್ಲಾದ ಮುಂದೆ ಬಂದಿದ್ದರು. ಸೆರಗಿನ ಗಂಟಿನಿಂದ ಒಂದು ಸುಟ್ಟ ಬಲ್ಬು ಬಿಚ್ಚಿ ಮುಂದಿಟ್ಟು, ಇಂಥದ್ದೇ ಬೇಕು ಎಂದರು. ನಾನು ಸುಗುಣ ಹೇಳಿದ ಹಾಗೆ ತುಟಿಗಳನ್ನು ಎರಡೂ ಕಡೆ ಎಳೆದು, ಇದೇ ಬೇಕಾ ಅಮ್ಮ ಎಂದೆ. ದನಿ ಕೇಳಿ ಅವರು ತಲೆ ಎತ್ತಿದರು. ಮೇಲಿನ ನಕ್ಷತ್ರ ನೋಡಿದರು, ಅಂಗಡಿ ನೋಡಿದರು, ಮತ್ತೆ ನನ್ನನ್ನು ನೋಡಿದರು. ತಾತನೂ ಅಂಗಡಿಯವನೂ ಅವರ ಲೆಕ್ಕದಲ್ಲಿ ಮೆಲ್ಲಗೆ ಒಬ್ಬನೇ ಆಗುತ್ತಿರುವುದು ನನಗೆ ಕಾಣುತ್ತಿತ್ತು. ಅಷ್ಟು ಹೊತ್ತು ನಗು ಹಿಡಿದು ಅಭ್ಯಾಸವಿಲ್ಲದೆ ನನ್ನ ಕೆನ್ನೆ ಸೋತು, ಮುಖ ತನ್ನ ಹಳೆಯ ಜಾಗಕ್ಕೆ ಜಾರಿತು. ಅಜ್ಜಿ ಸೆರಗನ್ನು ಬಾಯಿಗೊತ್ತಿಕೊಂಡರು. ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಹೆದರಿ ನಾನು ಮತ್ತೆ ತುಟಿ ಎಳೆದೆ.

"ಬ್ಯಾಡ್ರಿ, ನಗಬ್ಯಾಡ್ರಿ" ಎಂದರು ಅಜ್ಜಿ, ಹೊಟ್ಟೆ ಹಿಡಿದುಕೊಂಡು. "ಈಗ ಮಾಡಿದ್ರಲ್ಲ, ಅದೇ ಮುಖ. ಇನ್ನೊಂದ್ಸಲ ಮಾಡ್ರಿ."

ನನ್ನ ಈ ಮುಖವನ್ನು ಇದುವರೆಗೆ ಯಾರೂ ಕೇಳಿ ಪಡೆದವರಿಲ್ಲ. ಹಿಂದೆ ಬಾಗಿಲಲ್ಲಿ ಸುಗುಣ ನಿಂತು ನೋಡುತ್ತಿದ್ದಳು. ಸುಟ್ಟ ಬಲ್ಬನ್ನು ಕೈಯಲ್ಲಿ ಹಿಡಿದು, ವಾದ ಮಾಡದೆ, ಮಾಡಿ ತೋರಿಸಿದೆ.